ಸಿಸಿಲಮ್ಮನ ಮೂರನೇ ಪ್ರಾರ್ಥನೆ

ಒಂದಾನೊಂದು ಕಾಲದಲ್ಲಿ, ನಮ್ಮೂರ ಚರ್ಚಿಗೆ ಇನ್ನೂ ಹುಲ್ಲಿನ ಸೂರು ಇದ್ದಾಗ, ಅಂತೋಣಮ್ಮ ಅಂತ ಒಬ್ಬಳು ಮುದುಕಿ ಇದ್ದಳಂತೆ. ಕಣ್ಣು ಮಂಜು, ಮಾತು ಬೆಣ್ಣೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಆ ಮನೇಲಿ ಒಂದು ಪದ್ಧತಿ. ಸಂಜೆ ದೀಪ ಹಚ್ಚಿ, ಜಪಸರ ಮುಗಿಸಿ, ಒಬ್ಬೊಬ್ಬ ಸೊಸೆಯೂ ಒಂದೊಂದು ಕೋರಿಕೆ ಬಾಯಿಬಿಟ್ಟು ಹೇಳಬೇಕು, ಎಲ್ಲರೂ ಆಮೆನ್ ಅನ್ನಬೇಕು, ಆಮೇಲೇನೇ ಊಟ. ಒಳ್ಳೇ ಪದ್ಧತಿನೇ. ಆದರೆ ಈ ಮಹಾತಾಯಂದಿರು ಏನು ಮಾಡಿದರು ಗೊತ್ತಾ? ದೇವರನ್ನ ಮುಂದಿಟ್ಟುಕೊಂಡು ಒಬ್ಬರನ್ನೊಬ್ಬರು ಚುಚ್ಚೋಕೆ ಶುರು ಮಾಡಿದರಂತೆ. ದೊಡ್ಡವಳು ಆರೋಗ್ಯಮ್ಮ, ಸ್ವಾಮೀ, ಹೊತ್ತು ನೆತ್ತಿಗೆ ಬರೋವರೆಗೂ ಮಲಗೋರಿಗೆ ಎಚ್ಚರ ಕೊಡಪ್ಪಾ ಅನ್ನೋಳು. ನಡುವಿನವಳು ಮದಲೇನಮ್ಮ, ಸ್ವಾಮೀ, ಸಾರಿಗೆ ಉಪ್ಪು ಸುರಿಯೋ ಕೈಗೆ ಹಿಡಿತ ಕೊಡಪ್ಪಾ ಅನ್ನೋಳು. ಎಲ್ಲರೂ ಹಲ್ಲು ಕಚ್ಚಿಕೊಂಡು ಆಮೆನ್ ಅನ್ನೋರು, ಅಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿರೋದು.

ಕಿರಿಯವಳು ಸಿಸಿಲಮ್ಮ. ಬಂದ ಹೊಸದರಲ್ಲಿ ಪಾಪದ ಹುಡುಗಿ, ಆಮೇಲೆ ಅವಳೂ ಕಲಿತಳು. ಮೊದಲು, ಸ್ವಾಮೀ, ದೊಡ್ಡಕ್ಕನ ಬಾಯಿ ಮುಚ್ಚಿಸು ಅಂತ ಮನಸ್ಸಲ್ಲೇ ಕೇಳಿಕೊಂಡಳಂತೆ. ಮಾರನೇ ದಿನ ಆರೋಗ್ಯಮ್ಮನಿಗೆ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಆದರೆ ಅವಳ ಪಾಲಿನ ಬೈಗುಳವನ್ನೂ ಮದಲೇನಮ್ಮನೇ ವಹಿಸಿಕೊಂಡಳು! ಆಮೇಲೆ ಸಿಸಿಲಮ್ಮ ಬಾಯಿಬಿಟ್ಟೇ, ಸ್ವಾಮೀ, ನನಗೆ ನನ್ನದೇ ಒಂದು ಒಲೆ ಕೊಡು ಅಂದಳಂತೆ. ಅವತ್ತು ಮಾತ್ರ ಅಕ್ಕಂದಿರಿಬ್ಬರೂ ಮನಸಾರೆ ಆಮೆನ್ ಅಂದರು ನೋಡು. ಗಂಡಂದಿರಿಗೂ ಸಾಕಾಗಿತ್ತು, ಒಂದೇ ಸೂರಿನ ಕೆಳಗೆ ಮೂರು ಒಲೆ ಹಾಕಿಕೊಟ್ಟರು. ಒಟ್ಟಿಗೆ ಪ್ರಾರ್ಥನೆ ಮಾಡೋದೂ ನಿಂತುಹೋಯಿತು.

ಹೂಂ ಅನ್ನು ಮಗಾ, ನಿದ್ದೆ ಹೋಗಬೇಡ. ಅತ್ತೆ ಯಾರ ಒಲೇಲಿ ಉಣ್ಣಬೇಕು ಅಂತ ಒಬ್ಬರೂ ಮಾತಾಡಿರಲಿಲ್ಲ. ದೊಡ್ಡವಳು, ನಡುವಿನವಳ ಹತ್ರ ಉಂಡಿರ್ತಾರೆ ಅಂದುಕೊಂಡಳು. ನಡುವಿನವಳು, ಕಿರಿಯವಳ ಹತ್ರ ಅಂದುಕೊಂಡಳು. ಸಿಸಿಲಮ್ಮ, ದೊಡ್ಡಕ್ಕನ ಹತ್ರ ಅಂದುಕೊಂಡಳು. ಕೇಳೋಣ ಅಂದರೆ ಮೂವರೂ ಮಾತು ಬಿಟ್ಟಿದ್ದಾರಲ್ಲ! ಹಗಲು ಮೊಮ್ಮಕ್ಕಳು ಕೊಟ್ಟ ಗಂಜಿ ಕುಡಿದು, ರಾತ್ರಿ ಮುದುಕಿ ಹಸಿದೇ ಮಲಗ್ತಿದ್ದಳಂತೆ.

ಹೀಗಿರುವಾಗ ಒಂದು ಸಂಜೆ ಸಿಸಿಲಮ್ಮ ಪಡಸಾಲೆಗೆ ದೀಪ ಹಚ್ಚೋಕೆ ಬಂದಳು. ಅತ್ತೆ ಜಪಸರ ಹಿಡಿದು ಒಬ್ಬಳೇ ಕೂತು, ಸ್ವಾಮೀ, ನನ್ನ ಮೂವರೂ ಸೊಸೆಯರ ಒಲೆ ಉರೀತಿದೆ, ನಿನಗೆ ಸ್ತೋತ್ರ, ನನ್ನ ಹಸಿವು ಮಾತ್ರ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊ, ಗೊತ್ತಾದರೆ ಮಕ್ಕಳು ಒಬ್ಬರನ್ನೊಬ್ಬರು ದೂರಿಕೊಳ್ತವೆ, ಅಂತಿದ್ದಳಂತೆ.

ಎಂಥಾ ದೊಡ್ಡ ಮನಸ್ಸು ನೋಡು ಆ ಅತ್ತೆದು! ಸಿಸಿಲಮ್ಮ ಅಲ್ಲೇ ಮೊಣಕಾಲೂರಿದಳು. ಸ್ವಾಮೀ, ಅಕ್ಕಂದಿರಿಗೆ ಬುದ್ಧಿ ಕೊಡು ಅಂತ ಅಭ್ಯಾಸಬಲದಿಂದ ನಾಲಿಗೆ ತುದಿವರೆಗೂ ಬಂತು, ಕಚ್ಚಿಕೊಂಡಳು. ಆಮೇಲೆ, ಸ್ವಾಮೀ, ನನಗೇ ಬುದ್ಧಿ ಕೊಡು, ಅವರ ಬಾಗಿಲಿಗೆ ಮೊದಲು ನಾನೇ ಹೋಗೋ ಹಾಗೆ ಮಾಡು, ಅಂದಳಂತೆ. ಒಡವೆ ಕೇಳೋದು ಸುಲಭ ಕಣೋ, ಇದನ್ನ ಕೇಳೋಕೆ ಗುಂಡಿಗೆ ಬೇಕು. ಅದಕ್ಕೇ ನನಗೆ ಆ ಹುಡುಗಿ ಅಂದರೆ ಪ್ರಾಣ.

ಆಮೇಲೆ ಎದ್ದವಳೇ ದೊಡ್ಡವಳ ಒಲೆ ಹತ್ರ ಹೋಗಿ, ಅಕ್ಕಾ, ಅತ್ತೆ ಉಂಡಿಲ್ಲ, ನಾನು ನೋಡಿಕೊಳ್ಳಲಿಲ್ಲ, ತಪ್ಪು ನಂದು, ಅಂದಳು. ಆರೋಗ್ಯಮ್ಮ ಬೈಯೋಕೆ ಬಾಯಿ ತೆರೆದವಳು ಗೊಳೋ ಅಂತ ಅತ್ತುಬಿಟ್ಟಳಂತೆ. ಮದಲೇನಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡು, ಅಯ್ಯೋ ನಂದೂ ತಪ್ಪು ಕಣ್ರೇ, ಅಂತ ಬಿಸಿ ಮುದ್ದೆ ಹಿಡಿದು ಓಡಿಬಂದಳು. ಮೂವರೂ ಅತ್ತೆ ಸುತ್ತ ಕೂತು, ನಂದೊಂದು ತುತ್ತು, ನಂದೊಂದು ತುತ್ತು, ಅಂತ ಬಿಡದೆ ಉಣ್ಣಿಸಿದರು. ಕಡೆಗೆ ಅತ್ತೆ ಎರಡೂ ಕೈ ಮೇಲೆತ್ತಿ, ಸ್ವಾಮೀ, ಇವರಿಗೆ ಸಾಕು ಅನ್ನೋದು ಕಲಿಸಪ್ಪಾ, ನನ್ನ ಹೊಟ್ಟೆ ಒಡೀತದೆ, ಅಂದಳಂತೆ. ಮೂವರೂ ನಗು ತಡೀಲಾರದೆ ಅವಳ ತೊಡೆ ಮೇಲೇ ಬಿದ್ದರಂತೆ.

ಮಾರನೇ ದಿನ ಎರಡು ಒಲೆ ಒಡೆದರು, ನನ್ನ ಕತೇನೂ ಮುಗೀತು. ಶಿಲುಬೆ ಗುರುತು ಹಾಕ್ಕೊಂಡು ಮಲ್ಕೋ ಕಂದಾ.