ಕೊಳವೆಗೆ ತುರುಕಿದ ಪಂಚೆ

"ಹೊಸ ಮನೆ. ಸಮತಟ್ಟಾದ ತಾರಸಿ. ನೀರು ಇಳಿದುಹೋಗಲು ಇರುವುದು ಒಂದೇ ಕೊಳವೆ. ಸುರಿಯುವ ಮಳೆಯಲ್ಲಿ ಮನೆಯ ಯಜಮಾನನೇ ಮೇಲೆ ಹತ್ತಿ, ಆ ಕೊಳವೆಗೆ ಬಟ್ಟೆ ತುರುಕಿದ. ಏಕಿರಬಹುದು? ಊಹಿಸು ನೋಡೋಣ" ಎಂದರು ಗುರುಗಳು.

ತೀರ್ಥಪ್ಪ ಬೆಪ್ಪಾದ. ಅವನು ಕೇಳಿದ್ದೇ ಬೇರೆ. ಈ ಗುರುಗಳು ಹಾಡುಗಾರಿಕೆ ಕಲಿಸುವವರು. ಅವನು ಅವರ ಹಳೆಯ ಶಿಷ್ಯ. "ಗುರುಗಳೇ, ಒಂದು ವಾರವಾಯಿತು, ಮೂರನೆಯ ಸಾಲಿಗೆ ಬಂದರೆ ನನ್ನ ಉಸಿರು ಕಟ್ಟುತ್ತದೆ. ನಿದ್ದೆಯಲ್ಲೂ ಹಾಡಬಲ್ಲ ಹಾಡು ಇದು. ಏಕೆ ಹೀಗೆ?" ಎಂದು ಕೇಳಿದ್ದ. ಒಳಕೋಣೆಯಲ್ಲಿ ಹಾಲಪ್ಪ ಅದೇ ಹಾಡು ಹೇಳಿಕೊಳ್ಳುತ್ತಿದ್ದ. ಅವನು ಈಚೆಗೆ ಸೇರಿದವನು. ಕಂಠ ಮಾತ್ರ ಹಳಬರೂ ಕಿವಿ ನಿಮಿರಿಸುವಂಥದ್ದು. ಅವನೂ ಮೂರನೆಯ ಸಾಲಿನಲ್ಲೇ ಎಡವುತ್ತಿದ್ದ. ತೀರ್ಥಪ್ಪ ಎದ್ದು ಹೋಗಿ ಆ ಕೋಣೆಯ ಬಾಗಿಲು ಮುಚ್ಚಿ ಬಂದು ಕುಳಿತಿದ್ದ. ಗುರುಗಳು ಅದನ್ನು ನೋಡಿದ್ದರು.

"ಹೊಳೆಯಲಿಲ್ಲವೇ? ಹಾಗಾದರೆ ಕೇಳು" ಎಂದು ಅವರು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಮನೆ ಕಟ್ಟಿಸಿದ. ಬೀದಿಯಲ್ಲಿ ಹೋಗುವವರು ಕತ್ತೆತ್ತಿ ನೋಡಲೇಬೇಕು, ಹಾಗೆ ಕಟ್ಟಿಸಿದ. ಪಕ್ಕದಲ್ಲಿ ಒಬ್ಬ ಹೂವಾಡಿಗನ ಹೆಂಚಿನ ಮನೆ. ಅದರ ಹಿತ್ತಲಲ್ಲಿ ಒಂದು ಬಾವಿ. ನೀರು ಕಡಿಮೆ, ಇದ್ದದ್ದೂ ಸವಳು.

ಮೇಸ್ತ್ರಿ ತಾರಸಿಗೆ ಆ ಹಿತ್ತಲ ಕಡೆಗೇ ತುಸು ಇಳಿಜಾರು ಕೊಟ್ಟಿದ್ದ. ನೆಲವೂ ಅತ್ತಲೇ ಇಳಿಯುತ್ತಿತ್ತು. ಮಳೆ ಹಿಡಿಯಿತು. ತಾರಸಿಯ ನೀರೆಲ್ಲ ಕೊಳವೆಯಿಂದ ಧುಮುಕಿ, ಹಿತ್ತಲಲ್ಲಿ ಹರಡಿ, ಇಂಗಿತು. ಬಾವಿ ಏರಿತು. ಸವಳು ಹೋಗಿ ನೀರು ಸಿಹಿಯಾಯಿತು.

ವರ್ತಕನ ಗೃಹಪ್ರವೇಶಕ್ಕೆ ನೆಂಟರು ಬಂದರು. ಉಂಡು ಕೈ ತೊಳೆಯಲು ಹಿಂದಕ್ಕೆ ಹೋದವರು ತಿರುಗಿ ಬರಲೇ ಇಲ್ಲ. ಎಲ್ಲರೂ ಪಕ್ಕದ ಹಿತ್ತಲಲ್ಲಿ!

"ಬಾವಿ ನೋಡಿದಿರಾ? ಕಲ್ಲುಸಕ್ಕರೆ ಕಣ್ರೀ ನೀರು!"

ಮನೆ ಹೇಗಿದೆ ಎಂದು ಯಾರಾದರೂ ಹೇಳಲಿ ಎಂದು ವರ್ತಕ ಬಾಗಿಲಲ್ಲಿ ಕಾದು ನಿಂತಿದ್ದ. ಯಾರೂ ಹೇಳಲಿಲ್ಲ. ಹೂವಾಡಿಗನ ಹೆಂಡತಿ ಬಾಗಿಲಿಗೆ ಕಟ್ಟಲು ಮಾಲೆ ತಂದಳು. "ಅಣ್ಣಾ, ನಿಮ್ಮ ತಾರಸಿಯ ಪುಣ್ಯ, ನಮ್ಮ ಬಾವಿ ತುಂಬಿತು" ಎಂದಳು. ಮಾಲೆ ಹಿಡಿದ ಕೈ ಉರಿಯಿತು ಅವನಿಗೆ.

ಮೇಸ್ತ್ರಿಯನ್ನು ಕರೆಸಿದ. "ಇಳಿಜಾರು ತಿರುಗಿಸಯ್ಯಾ."

"ಮಳೆಗಾಲ ಕಳೆಯಲಿ ಧಣಿ, ತಿರುಗಿಸಿ ಕೊಡುತ್ತೇನೆ. ನಿಮಗೆ ಬೇಡವಾದ ನೀರು ತಾನೇ? ಎಲ್ಲಿಗೆ ಹೋದರೇನು?"

ಬೇಡವಾದ ನೀರೇ, ನಿಜ. ಆದರೆ ಅದು ಪಕ್ಕದವನಿಗೆ ಬೇಕಾಯಿತಲ್ಲ! ಸಂಕಟ ಅದು. ಮಳೆಗಾಲ ಕಳೆಯುವವರೆಗೆ ತಡೆದುಕೊಳ್ಳುವುದು ಹೇಗೆ? ಗಿರಾಕಿಗೆ ಒಂದು ಬೆರಳಗಲ ಹೆಚ್ಚು ಕತ್ತರಿಸಿ ಕೊಟ್ಟವನಲ್ಲ. ಅಂಥವನು ಅಂಗಡಿಯಿಂದ ಹೊಚ್ಚಹೊಸ ಪಂಚೆ ತಂದು, ನೆನೆಯುತ್ತಾ ತಾರಸಿ ಹತ್ತಿ, ಕೊಳವೆಯ ಬಾಯಿಗೆ ಇಡಿಯಾಗಿ ತುರುಕಿದ.

"ರೀ, ಮೇಲೆ ಗೇಣುದ್ದ ನೀರು ನಿಂತಿದೆ" ಎಂದಳು ಹೆಂಡತಿ.

"ನಿಲ್ಲಲಿ ಬಿಡೇ. ನಮ್ಮ ಮನೆಯ ಮೇಲೆ ಬಿದ್ದದ್ದು ನಮ್ಮಲ್ಲೇ ಇರಲಿ."

"ಇರುತ್ತೆ, ಇರುತ್ತೆ. ನಿಮ್ಮ ಮಂಚದ ಮೇಲೇ ಬಂದು ಇರುತ್ತೆ."

ಹಾಗೇ ಆಯಿತು. ಹೊಸ ಸುಣ್ಣ ಉಬ್ಬಿ ಉದುರಿತು. ಸೂರು ತೊಟ್ಟಿಕ್ಕಿತು. ಕೆಳಗೆ ಬಕೆಟ್ಟು ಇಟ್ಟರು, ಕೊಳಗ ಇಟ್ಟರು, ಕೊನೆಗೆ ಸಾರಿನ ಪಾತ್ರೆಯನ್ನೂ ಇಟ್ಟರು. ಮನೆಯಲ್ಲಿದ್ದ ಪಾತ್ರೆಯೆಲ್ಲ ಮುಗಿಯಿತು. ಹೆಂಡತಿ ಪಕ್ಕದ ಮನೆಗೆ ಓಡಿ, "ಒಂದು ಹಂಡೆ ಕೊಡಿ" ಎಂದು ಕೇಳಿ ಬಂದಳು. ಹೂವಾಡಿಗ ತಾನೇ ಹೊತ್ತು ತಂದ.

"ನೀರಿಗೆ ಪರದಾಡುತ್ತಿದ್ದೀರಾ ಅಣ್ಣಾ? ಮೊದಲೇ ಹೇಳಬಾರದೇ? ಬಾವಿ ಕೈಗೆ ಎಟುಕುವ ಹಾಗೆ ತುಂಬಿದೆ. ಹಂಡೆ ತುಂಬಿಸಿಯೇ ತಂದೆ."

ಕೊಳವೆ ಮುಚ್ಚಿದರೂ ಬಾವಿ ಇಳಿದಿರಲಿಲ್ಲ. ಮಳೆ ಆ ಹಿತ್ತಲ ಮೇಲೂ ಸುರಿಯುತ್ತಿತ್ತಲ್ಲ! ವರ್ತಕ ಹೊಸ ಮನೆಯ ಮಂಚದ ಮೇಲೆ ಕೊಡೆ ಬಿಚ್ಚಿಕೊಂಡು ಕುಳಿತಿದ್ದ. ಸೂರಿನ ಹನಿಗಳು ತುಂಬಿದ ಹಂಡೆಗೆ ಬಿದ್ದು, ನೆಲದ ಮೇಲೆ ಚೆಲ್ಲಿ ಹರಿಯುತ್ತಿದ್ದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ತೀರ್ಥಪ್ಪನಿಗೆ ನಗು ತಡೆಯಲಾಗಲಿಲ್ಲ.

"ಎಂಥ ಮೂಢ, ಗುರುಗಳೇ! ಕೊನೆಗಾದರೂ ಮೇಲೆ ಹತ್ತಿ ಆ ಪಂಚೆ ಎಳೆದು ಬಿಸಾಡಿದನೇ?"

"ಇನ್ನೂ ಇಲ್ಲ."

"ಇನ್ನೂ ಇಲ್ಲವೇ? ಹಾಗಾದರೆ ಅವನು ನಮ್ಮ ಪೇಟೆಯವನೇ ಇರಬೇಕು. ಪಂಚೆ ತುರುಕಿದ್ದು ಯಾವತ್ತು?"

ಮುಚ್ಚಿದ ಬಾಗಿಲಿನ ಆಚೆ ಹಾಲಪ್ಪ ಮೂರನೆಯ ಸಾಲಿಗೆ ಬಂದು, ಉಸಿರು ಸಾಲದೆ ಮತ್ತೆ ನಿಂತ. ಗುರುಗಳು ಆ ಬಾಗಿಲ ಕಡೆ ಬೆರಳು ತೋರಿದರು. ತೀರ್ಥಪ್ಪನ ನಗು ಅಲ್ಲಿಗೇ ನಿಂತಿತು.

"ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂದು ಹಾಲಪ್ಪ ಕೇಳಿದಾಗ 'ಗೊತ್ತಿಲ್ಲ' ಎಂದೆಯಲ್ಲ, ಅವತ್ತು, ಕಳೆದ ಸೋಮವಾರ, ನಾಗರಪಂಚಮಿಯ ದಿನ."