ಓಡದ ಬಣ್ಣ

ವಾಗೀಶ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಹತ್ತು ಅರ್ಥ, ಒಂದು ಅರ್ಥಕ್ಕೆ ಹತ್ತು ಪದ. ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೂ ಓದಲು ಕೂತಾಗ ತಪ್ಪು ಅರ್ಥವೇ ಕೈಗೆ ಸಿಗುತ್ತದೆ. ಸರಿಯಾದದ್ದನ್ನು ಹಿಡಿಯುವುದು ಹೇಗೆ?"

ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬೇರು ತೊಗಟೆಗಳನ್ನು ಕುದಿಸಿ ನೂಲಿಗೆ ಕೆಂಪು ಬಣ್ಣ ಕಟ್ಟುವುದು ಅವನ ಕೆಲಸ. ಆ ನೂಲಿನಿಂದ ಅವನ ಓಣಿಯ ಆರು ಮಗ್ಗಗಳು ಸೀರೆ ನೇಯುತ್ತಿದ್ದವು. ಪೇಟೆಗೆ ಗಿರಣಿಯ ಅಗ್ಗದ ಬಣ್ಣ ಬಂದ ಮೇಲೆ ಅವನನ್ನು ಕೇಳುವವರು ಕಡಿಮೆಯಾದರು. ಬಣ್ಣ ಅದ್ದುವ ಮೂರು ಬಾನಿಗಳಲ್ಲಿ ಎರಡನ್ನು ಅವನು ಬೋರಲು ಹಾಕಿದ. ಮೂರನೆಯದನ್ನು ದೀಪಾವಳಿಯವರೆಗೆ ನೋಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ಆಗ ಕಲ್ಕತ್ತೆಯಿಂದ ಒಂದು ಕಾಗದ ಬಂತು. ಬರೆದವಳು ಸೀರೆ ವ್ಯಾಪಾರ ಮಾಡುವ ಒಬ್ಬ ಹೆಂಗಸು. ಅವಳಿಗೆ ಕನ್ನಡ ಬಾರದು, ಇವನಿಗೆ ಬಂಗಾಳಿ ಬಾರದು. ಆದ್ದರಿಂದ ಇಬ್ಬರ ಮನೆಯದೂ ಅಲ್ಲದ ಇಂಗ್ಲಿಷಿನಲ್ಲಿ ಬರೆದಿದ್ದಳು. ಬಣ್ಣಗಾರ ಏಳನೆಯ ತರಗತಿಯವರೆಗೆ ಓದಿದವನು. ಅಕ್ಷರ ಕೂಡಿಸಿ ಓದಿದ. ಇದ್ದದ್ದು ಒಂದೇ ಪ್ರಶ್ನೆ: "ನಿಮ್ಮ ಬಣ್ಣಗಳು ಫಾಸ್ಟ್ ಆಗಿವೆಯೇ?"

ತೊಳೆದರೂ ಬಿಡದ ಗಟ್ಟಿ ಬಣ್ಣವೇ ಎಂದು ಅವಳು ಕೇಳಿದ್ದಳು. ಬಣ್ಣಗಾರನಿಗೆ ಗೊತ್ತಿದ್ದ ಫಾಸ್ಟ್ ಒಂದೇ, ಬೇಗ ಹೋಗುವ ಬಸ್ಸಿನದು. ಅವನು ಸುಳ್ಳು ಹೇಳುವವನಲ್ಲ. ಒಂದು ಎಳೆಗೆ ಕೆಂಪು ಹಿಡಿಸಲು ಅವನಿಗೆ ಇಪ್ಪತ್ತು ದಿನ ಬೇಕಾಗುತ್ತಿತ್ತು. ಅವನು ಬರೆದ: "ಅಮ್ಮಾ, ನಮ್ಮ ಬಣ್ಣ ಸ್ವಲ್ಪವೂ ಫಾಸ್ಟ್ ಅಲ್ಲ. ಅಜ್ಜನ ಕಾಲದಿಂದಲೂ ಅಲ್ಲ. ಅದೇ ನಮ್ಮ ಮನೆತನದ ಹೆಮ್ಮೆ."

ಹದಿನೈದು ದಿನಕ್ಕೆ ಎರಡನೆಯ ಕಾಗದ ಬಂತು. "ಹಾಗಾದರೆ ನಿಮ್ಮ ಬಣ್ಣಗಳು ರನ್ ಆಗುತ್ತವೆಯೇ?"

ನೀರಿಗೆ ಹಾಕಿದರೆ ಬಣ್ಣ ಬಿಟ್ಟು ಹರಿಯುತ್ತದೆಯೇ ಎಂಬುದು ಅವಳ ಸಂಶಯ. ರನ್ ಎಂದರೆ ಓಡುವುದು ಎಂದು ಬಣ್ಣಗಾರ ಶಾಲೆಯಲ್ಲಿ ಕಲಿತಿದ್ದ. ಪೇಟೆಯಲ್ಲಿ ಚೆನ್ನಾಗಿ ಮಾರಾಟವಾಗುವ ಮಾಲಿಗೆ ಓಡುವ ಮಾಲು ಎನ್ನುತ್ತಾರಲ್ಲ, ಅದನ್ನೇ ಕೇಳಿದ್ದಾಳೆ ಎಂದುಕೊಂಡ. ಈಗ ಓಡುತ್ತಿಲ್ಲವಾದರೂ ಒಂದು ಕಾಲದಲ್ಲಿ ಓಡಿದ್ದು ನಿಜವೇ. ಅವನು ಉಬ್ಬಿ ಬರೆದ: "ಓಡುತ್ತವೆ. ಹಬ್ಬದ ದಿನಗಳಲ್ಲಂತೂ ಹಿಡಿದು ನಿಲ್ಲಿಸುವುದೇ ಕಷ್ಟ."

ಆಮೇಲೆ ಒಂದು ತಿಂಗಳು ಕಾಗದವಿಲ್ಲ.

ಹೆಂಡತಿ ಹೇಳಿದಳು: "ಮೊದಲನೇ ಸಲವೇ ಫಾಸ್ಟ್ ಅಂತ ಬರೆದುಬಿಡಬೇಕಿತ್ತು. ಪಟ್ಟಣದವರಿಗೆ ಎಲ್ಲಾ ಬೇಗ ಆಗಬೇಕು."

ಬಣ್ಣಗಾರನಿಗೂ ಹಾಗೆಯೇ ಅನಿಸಿತು. ಇಪ್ಪತ್ತು ದಿನವನ್ನು ಹದಿನೈದಕ್ಕೆ ಇಳಿಸಿದರಾಯಿತು ಎಂದುಕೊಂಡ. ಆದರೆ ಒಮ್ಮೆ ಅಲ್ಲವೆಂದ ಪದವನ್ನೇ ಹೌದೆನ್ನಲು ನಾಚಿಕೆ. ಊರಿನ ವಾಚನಾಲಯಕ್ಕೆ ಹೋಗಿ ಸಮಾನಾರ್ಥಕ ಪದಗಳ ದಪ್ಪ ಪುಸ್ತಕ ತೆಗೆಸಿದ. ಫಾಸ್ಟ್ ಎಂಬುದರ ಕೆಳಗೆ ಕ್ವಿಕ್, ರ್‍ಯಾಪಿಡ್, ಸ್ವಿಫ್ಟ್ ಎಂದು ಸಾಲಾಗಿ ಇದ್ದವು. ಕೊನೆಯಲ್ಲಿ ಫ್ಲೀಟಿಂಗ್ ಎಂಬ ಪದವಿತ್ತು. ಉಳಿದವುಗಳಿಗಿಂತ ಉದ್ದ, ನೋಡಲು ಗಂಭೀರ. ಅದು ಕಂಡಷ್ಟೇ ಬೇಗ ಮಾಯವಾಗುವುದಕ್ಕೆ ಹೇಳುವ ಮಾತೆಂದು ಅವನಿಗೆ ಯಾರು ಹೇಳಬೇಕು? ಅವನು ಬರೆದ: "ಅಮ್ಮಾ, ಚೆನ್ನಾಗಿ ಯೋಚಿಸಿ ತಿಳಿಸುತ್ತಿದ್ದೇನೆ. ನಮ್ಮ ಬಣ್ಣಗಳು ನಿಜವಾಗಿ ಫ್ಲೀಟಿಂಗ್. ನಂಬಿಕೆ ಬಾರದಿದ್ದರೆ ಬಂದು ನೋಡಿ, ನಮ್ಮಲ್ಲಿ ಉಂಡು ಹೋಗಿ."

ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಜಟಕಾ ನಿಂತಿತು. ದಪ್ಪ ಕನ್ನಡಕದ, ನರೆಗೂದಲಿನ ಹೆಂಗಸೊಬ್ಬಳು ಇಳಿದಳು. ಕೈಯಲ್ಲಿ ಅವನದೇ ಮೂರು ಕಾಗದಗಳು.

ಅವಳು ಹೆಚ್ಚು ಮಾತಾಡಲಿಲ್ಲ. ಗಳದ ಮೇಲಿದ್ದ, ಅವನ ನೂಲಿನಲ್ಲೇ ನೇಯ್ದ ಕೆಂಪು ಸೀರೆಯನ್ನು ಎಳೆದುಕೊಂಡಳು. ಬಿಳಿಯ ಕರವಸ್ತ್ರವನ್ನು ಒದ್ದೆ ಮಾಡಿ ಸೀರೆಗೆ ತಿಕ್ಕಿದಳು. ಕರವಸ್ತ್ರ ಬೆಳ್ಳಗೇ ಉಳಿಯಿತು. ಬಿಸಿನೀರು ತರಿಸಿ ಸೀರೆಯ ಸೆರಗನ್ನು ಮುಳುಗಿಸಿದಳು. ನೀರು ಕುಡಿಯುವಷ್ಟು ತಿಳಿಯಾಗಿತ್ತು. ಅವಳು ಸೀರೆಯನ್ನು ತೋರಿಸಿ "ಫಾಸ್ಟ್!" ಎಂದಳು. ನೀರನ್ನು ತೋರಿಸಿ "ನೋ ರನ್!" ಎಂದಳು. ಮೂರನೆಯ ಕಾಗದ ತೆಗೆದು ಉದ್ದ ಪದದ ಮೇಲೆ ಬೆರಳಿಟ್ಟು, ಬಾಯಿಂದ ಉಫ್ ಎಂದು ಊದಿ, ಏನೋ ಹಾರಿಹೋಯಿತೆಂಬಂತೆ ಕೈಯಾಡಿಸಿದಳು.

ಬಣ್ಣಗಾರ ಹಣೆ ಚಚ್ಚಿಕೊಂಡ. ನಗು ತಡೆಯಲಾಗದೆ ಬಾನಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಕೇಳಿದೆಯೇನೇ, ಓಡೋದು ಅಂದರೆ ನೀರಿಗೆ ಓಡೋದಂತೆ! ಫಾಸ್ಟ್ ಅಂದರೆ ಗಟ್ಟಿಯಂತೆ! ನನ್ನ ಮಾಲನ್ನು ನಾನೇ ಮೂರು ಸಲ ಹಾಳು ಅಂತ ಬರೆದುಕೊಟ್ಟಿದ್ದೀನಿ!"

ಊಟಕ್ಕೆ ಎಲೆ ಹಾಕಿದರು. ಅಂದು ಸೋಮವಾರ. ಅತಿಥಿ ಎಲೆಯನ್ನು ಮೆಲ್ಲಗೆ ಸರಿಸಿ "ಟುಡೇ ಫಾಸ್ಟ್" ಎಂದಳು.

ಈ ಪದ ಈಗ ಬಣ್ಣಗಾರನಿಗೆ ಚೆನ್ನಾಗಿ ಗೊತ್ತಾಗಿತ್ತಲ್ಲ. ಅವನು ಒಳಗೆ ಕೂಗಿದ: "ಲೇ, ಇವತ್ತು ಗಟ್ಟಿ ಊಟ ಬೇಕಂತೆ. ಇನ್ನೂ ಎರಡು ಹೋಳಿಗೆ ತಾ!"

ಹೆಂಡತಿ ಹೋಳಿಗೆ ತಂದಳು. ಅತಿಥಿ ಕೈಮುಗಿದು ಹಿಂದೆ ಸರಿದಳು. ಗಂಡ ಮತ್ತೊಂದು ಬಡಿಸು ಎಂದ. ಹೆಂಡತಿಗೆ ಇಂಗ್ಲಿಷಿನ ಒಂದು ಪದವೂ ಬಾರದು. ಅವಳು ಅತಿಥಿಯ ಮುಖ ನೋಡಿದಳು, ಹಣೆಯ ಮೇಲಿನ ಗಂಧ ನೋಡಿದಳು. "ಸುಮ್ಮನಿರಿ, ಅವರಿಗೆ ಇವತ್ತು ಉಪವಾಸ" ಎಂದು ಹೋಳಿಗೆ ಒಳಗಿಟ್ಟು ಹಾಲು ಬಾಳೆಹಣ್ಣು ತಂದಿಟ್ಟಳು. ಅತಿಥಿ ಅವಳ ಕೈ ಹಿಡಿದುಕೊಂಡು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಹೊರಡುವ ಹೊತ್ತಿಗೆ ನೂರು ಸೀರೆ ಬೇಕೆಂದು ಹೇಳಿದಳು. ಬೋರಲಾಗಿದ್ದ ಬಾನಿಗಳನ್ನು ಓಣಿಯವರೆಲ್ಲ ಸೇರಿ ಎತ್ತಿ ನಿಲ್ಲಿಸಿದರು. ಬಣ್ಣಗಾರನಿಗೆ ತನ್ನ ಹರಕು ಇಂಗ್ಲಿಷಿನಲ್ಲಿ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಅಮ್ಮಾ, ಅಂಥ ಕಾಗದ ಓದಿಯೂ ಇಷ್ಟು ದೂರ ಯಾಕೆ ಬಂದಿರಿ?"

ಅವಳು ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು: "ಹನ್ನೊಂದು ಜನರಿಗೆ ಬರೆದಿದ್ದೆ. ಹತ್ತು ಜನ ತಮ್ಮ ಬಣ್ಣ ಫಾಸ್ಟ್ ಎಂದರು. ಅವರ ಸೀರೆಗಳೆಲ್ಲ ಮೊದಲ ಒಗೆತಕ್ಕೇ ಬೆಳ್ಳಗಾದವು. ತನ್ನ ಬಣ್ಣ ನಿಲ್ಲುವುದಿಲ್ಲ ಎಂದು ಇಷ್ಟು ಸಂತೋಷದಿಂದ ಒಪ್ಪಿಕೊಂಡವರು ನೀವೊಬ್ಬರೇ. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ಒಮ್ಮೆ ನೋಡಬೇಕೆನಿಸಿತು."

ಗುರುಗಳು ಕತೆ ನಿಲ್ಲಿಸಿದರು. ವಾಗೀಶ ನಗುತ್ತಲೇ ತಪ್ಪಿದ ಪದಗಳನ್ನು ಬೆರಳು ಮಡಿಸಿ ಲೆಕ್ಕ ಹಾಕಿದ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದ: "ಹಾಗಾದರೆ ಆಕೆಯೂ ಅವನ ಮೂರು ಕಾಗದಗಳನ್ನು ತಪ್ಪಾಗಿಯೇ ಅರ್ಥ ಮಾಡಿಕೊಂಡಿದ್ದಳಲ್ಲವೇ, ಗುರುಗಳೇ?"

"ಹೌದು," ಎಂದರು ಗುರುಗಳು, "ಆದರೆ ಬರೆದವನನ್ನು ಸರಿಯಾಗಿ ಓದಿದಳು; ಮನೆ ತಪ್ಪಲಿಲ್ಲ."