ಕೊನೆಯ ಗೆರಟೆ ನೀರು

ಪೂಜ್ಯ ಒರತೆಯಮ್ಮನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕಡಲಂಚಿನ ಮೀನುಗಾರರ ಕೇರಿಯಲ್ಲಿ ಮಗುಚಿಬಿದ್ದ ಹಳೆಯ ದೋಣಿಯೊಂದರ ಅಡಿಯೇ ಅವರ ಆಶ್ರಮ. ಪಕ್ಕದ ಮರಳಿನಲ್ಲಿ ಮೊಣಕಾಲುದ್ದದ ಒಂದು ಗುಂಡಿ. ಉಪ್ಪುಕಡಲಿನ ಕೂಗಳತೆಯಲ್ಲೇ ಅದರಲ್ಲಿ ಸಿಹಿನೀರು ಒಸರುತ್ತಿತ್ತು. ಇಡೀ ಕೇರಿಗೆ ಕುಡಿಯಲು ಅದೊಂದೇ ಒರತೆ.

ಹೆಂಗಸರು ತೆಂಗಿನ ಗೆರಟೆಯಲ್ಲಿ ಮೊಗೆಮೊಗೆದು ಕೊಡ ತುಂಬಿಸುತ್ತಿದ್ದರು. ಸಂಜೆಯ ಕೊನೆಯ ಗೆರಟೆ ನೀರನ್ನು ಮಾತ್ರ ಯಾರೂ ಒಯ್ಯುತ್ತಿರಲಿಲ್ಲ. ಕಡಲಿಗೆ ಹೋಗಿ ಮರಳಿ ಬಾರದವರಿಗೆಂದು ದಂಡೆಯ ಮೇಲಿಟ್ಟು, ಹಿಂತಿರುಗಿ ನೋಡದೆ ಮನೆಗೆ ನಡೆಯುತ್ತಿದ್ದರು. ಬೆಳಗಾದಾಗ ಗೆರಟೆ ಬರಿದಾಗಿರುತ್ತಿತ್ತು.

ಮೀನುದೋಣಿಯ ಮುಖಂಡ, ತಾಂಡೇಲ ದುರ್ಗಯ್ಯನಿಗೆ ಇದು ನಗೆಪಾಟಲು. "ಕಡಲಲ್ಲೇ ಮುಳುಗಿದವ್ರಿಗೆ ನೀರಿಗೆ ಬರವಾ? ಕಾಗೆ ಕುಡೀತದೆ, ನೀವು ಕೈ ಮುಗೀತ್ರಿ!" ಅವನ ಸ್ವಂತ ತಮ್ಮ, ಎಡಗಾಲು ಎಳೆದು ನಡೆಯುತ್ತಿದ್ದ ಜಟ್ಟಪ್ಪ, ಗಾಳಿಮಳೆಗೆ ಸಿಕ್ಕಿ ಸಮುದ್ರಪಾಲಾಗಿದ್ದ, ಹೆಣವೂ ಸಿಕ್ಕಿರಲಿಲ್ಲ. ಮನೆಯಲ್ಲಿ ಆ ಹೆಸರೆತ್ತಲು, ಅವನಿಗೆಂದು ಗೆರಟೆ ನೀರಿಡಲು ದುರ್ಗಯ್ಯ ಬಿಡುತ್ತಿರಲಿಲ್ಲ. ದುಃಖವನ್ನು ಹೂತಿಟ್ಟವರೇ ಹೀಗೆ ಗಟ್ಟಿಯಾಗಿ ನಗುವುದು.

ಮಗಳ ಕೂಸಿನ ತೊಟ್ಟಿಲ ಶಾಸ್ತ್ರ ಬಂತು. ನೆಂಟರಿಗೆ ನೀರು ಸಾಲದೆಂದು ದುರ್ಗಯ್ಯ ಹಾರೆ ಹಿಡಿದು ಒರತೆಯನ್ನು ಆಳುದ್ದ ತೋಡಿಬಿಟ್ಟ. ಒರತೆಗೆ ಆಳ ಕೂಡದೆಂದು ಕೇರಿಯ ಮಕ್ಕಳಿಗೂ ಗೊತ್ತು; ಹಮ್ಮಿಗೆ ಗೊತ್ತಿರಬೇಕಲ್ಲ! ನೀರೇನೋ ಉಕ್ಕಿತು, ಬಾಯಿಗಿಟ್ಟವರೆಲ್ಲ ಉಗುಳಿದರು. ಆಳದಲ್ಲಿ ಕಾದಿದ್ದ ಕಡಲು ಮೇಲೆ ಬಂದಿತ್ತು. ಕೇರಿಯಲ್ಲಿ ಕುಡಿಯಲು ತೊಟ್ಟು ನೀರಿಲ್ಲ. ಬಾಣಂತಿ ಮಗಳಿಗೆ ಜ್ವರವೇರಿ ನಾಲಿಗೆ ಒಣಗಿತು; ಎದೆಹಾಲು ಬತ್ತಿ ಕೂಸು ಚೀರತೊಡಗಿತು.

ಇಳಿಹೊತ್ತಿನಲ್ಲಿ ದುರ್ಗಯ್ಯ ಅಮ್ಮನವರ ದೋಣಿಯ ಮುಂದೆ ಬಂದು ನಿಂತ. ಹಿಂದೆ ಖಾಲಿ ಕೊಡ ಹಿಡಿದ ಹೆಂಡತಿ. "ಅಮ್ಮಾ, ನನ್ ಮಗಳು ಉಳಿಯೂದಿಲ್ಲ. ಏನಾದ್ರೂ ಮಾಡಿ."

ಅಮ್ಮನವರು ಆ ಆಳದ ಗುಂಡಿಯಿಂದಲೇ ಒಂದು ಗೆರಟೆ ಮೊಗೆದು ಅವನ ಕೈಗಿತ್ತರು. "ಕುಡಿ."

ಕುಡಿದ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು.

"ಜಟ್ಟಪ್ಪ ಹೋದಾಗಿಂದ ಇದನ್ನೇ ಕುಡೀತಿದ್ದಾನೆ, ಮಗಾ."

ಅಮ್ಮನವರು ಬೆರಳು ಮಾಡಿ ತೋರಿದಂತೆ ದುರ್ಗಯ್ಯ ಬರಿಗೈಯಲ್ಲೇ ಗುಂಡಿಗೆ ಮರಳು ತುಂಬಿ ಮುಚ್ಚಿದ. ಪಕ್ಕದ ಮರಳುದಿಬ್ಬದ ಬುಡದಲ್ಲಿ ಬೇರೊಂದು ಗುಂಡಿ ತೋಡಿದ. ಮೊಣಕಾಲುದ್ದ ಆಗುತ್ತಲೇ ಅಮ್ಮನವರು, "ಸಾಕು. ಸಿಹಿ ಮೇಲೇ ಇರ್ತದೆ," ಎಂದರು. ತಂಪಾದ ಸಿಹಿನೀರು ಒಸರಿತು. ಹೆಂಡತಿ ಕೊಡ ತುಂಬಿಸಿಕೊಂಡು ಮನೆಗೆ ಓಡಿದಳು.

ದುರ್ಗಯ್ಯ ಹೋಗಲಿಲ್ಲ. ಒಂದು ಗೆರಟೆ ನೀರು ದಂಡೆಯ ಮೇಲಿಟ್ಟು, ಕಡಲಿಗೆ ಬೆನ್ನು ಹಾಕಿ ಕುಳಿತ.

ಅಲೆಯ ಸದ್ದು ನಿಂತಂತಾಯಿತು. ಒದ್ದೆ ಮರಳಿನ ಮೇಲೆ ಒಂದು ಹೆಜ್ಜೆ, ಆಮೇಲೆ ಏನನ್ನೋ ಎಳೆದ ಸದ್ದು. ಮತ್ತೆ ಹೆಜ್ಜೆ, ಮತ್ತೆ ಎಳೆತ. ಬೆನ್ನ ಹಿಂದೆಯೇ ಯಾರೋ ಗುಟುಕು ಗುಟುಕಾಗಿ ಆಸೆಯಿಂದ ಕುಡಿಯತೊಡಗಿದರು. ಅಮ್ಮನವರು ಅವನ ಹೆಗಲಾಚೆಗೆ ನೋಡುತ್ತ, ಮನೆಗೆ ಬಂದವರನ್ನು ಕಂಡಂತೆ ತಲೆಯಾಡಿಸಿದರು.

ಕೇರಿಯ ಕಡೆಯಿಂದ ಹೆಂಡತಿಯ ಕೂಗು ಕೇಳಿತು: ಮಗಳು ಕಣ್ಣು ಬಿಟ್ಟಿದ್ದಳು. ದುರ್ಗಯ್ಯ ಮಗುವಿನಂತೆ ಅತ್ತ, ತಿರುಗಿ ಮಾತ್ರ ನೋಡಲಿಲ್ಲ.

ಅಂದಿನಿಂದ ಬದುಕಿರುವವರೆಗೂ ಸಂಜೆಯ ಕೊನೆಯ ಗೆರಟೆ ಅವನದೇ ಆಯಿತು. ಗುಟುಕಿನ ಸದ್ದು ನಿಂತ ಮೇಲೆ ಮೆಲ್ಲಗೆ ಕೇಳುತ್ತಿದ್ದ, "ಸಾಕಾಯ್ತಾ, ತಮಾ?" ಬರಿದಾದ ಗೆರಟೆ ಬಂದು ಹಿಮ್ಮಡಿಗೆ ತಾಗಿದರೆ, ಇನ್ನೊಮ್ಮೆ ತುಂಬಿಸಿಡುತ್ತಿದ್ದ.